ಸೀಮೆಸುಣ್ಣಕ್ಕೆ ಕಹಿಯಿಲ್ಲ

ಆ ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಕತ್ತರಿ ಅಕ್ಕ ಎಂದು. ದಿನವೆಲ್ಲ ಕೈಯಲ್ಲಿ ಕತ್ತರಿ ಇರುತ್ತಿತ್ತು ಎನ್ನುವುದು ಅರ್ಧ ಕಾರಣ, ಮಿಕ್ಕರ್ಧ ಅವಳ ನಾಲಿಗೆ. ಪ್ಯಾಂಟು ಹೊಲಿಸಲು ಬಂದವನು ಸೊಂಟ ಸ್ವಲ್ಪ ಬಿಗಿಯಾಗಿಯೇ ಇರಲಿ, ಇನ್ನೇನು ತೆಳ್ಳಗಾಗುತ್ತೇನೆ ಎಂದರೆ, ಹೋದ ವರ್ಷವೂ ಇದನ್ನೇ ಹೇಳಿದ್ದಿರಿ, ಹೊಟ್ಟೆಗೆ ಕೇಳಿಸಿದ ಹಾಗಿಲ್ಲ ಎಂದು ಟೇಪನ್ನು ಇನ್ನೊಂದು ಬೆರಳಷ್ಟು ಸಡಿಲಿಸುತ್ತಿದ್ದಳು. ಬಂದವನು ಮುಖ ಸಣ್ಣ ಮಾಡಿಕೊಂಡರೂ ಅಳತೆ ಕೊಟ್ಟೇ ಹೋಗುತ್ತಿದ್ದ. ಅವಳು ಕತ್ತರಿಸಿದ ಬಟ್ಟೆ ಮೈಗೆ ಕೂರುತ್ತಿದ್ದ ರೀತಿಗೆ ಆ ಬೀದಿಯಲ್ಲಿ ಸರಿಸಾಟಿ ಇರಲಿಲ್ಲ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಅಂಗಡಿ ಅಪ್ಪನ ಕಾಲದ್ದು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ನಡುವೆ ಒಬ್ಬರು ಇಳಿಯುವಾಗ ಇನ್ನೊಬ್ಬರು ಕಾಯಬೇಕಾದಷ್ಟು ಕಿರಿದಾದ ಮರದ ಮೆಟ್ಟಿಲು. ಕಿಟಕಿಯ ಬೆಳಕು ಬೀಳುವಲ್ಲಿ ಅವಳ ಮೇಜು. ಅದರ ಅಂಚೆಲ್ಲ ಸೀಮೆಸುಣ್ಣದ ಪುಡಿ ಕೂತು ಬೆಳ್ಳಗಾಗಿತ್ತು, ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಗೋಡೆಯ ಕಡೆ ತಮ್ಮನ ಹೊಲಿಗೆ ಯಂತ್ರ. ಅಮ್ಮ ಹೋದಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವಳು ಆಗಲೇ ಅಪ್ಪನ ಪಕ್ಕ ನಿಂತು ಬಟ್ಟೆ ಮೇಲೆ ಗೆರೆ ಎಳೆಯುವಷ್ಟು ಬೆಳೆದಿದ್ದಳು. ಮೇಜಿನ ಕೆಳಗೆ ಆಡಿಕೊಂಡಿರುತ್ತಿದ್ದ ಆ ಚೋಟುದ್ದದ ಪೋರ ಕೆಳಗೆ ಬಿದ್ದ ಸೀಮೆಸುಣ್ಣದ ಚೂರುಗಳನ್ನೆಲ್ಲ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವಳು ಕೆಲಸ ಬಿಟ್ಟು ಬಗ್ಗಿ, ಬಾಯಿಗೆ ಬೆರಳು ಹಾಕಿ ತೆಗೆದು, ಬೆನ್ನಿಗೊಂದು ಗುದ್ದು ಕೊಟ್ಟು, ಮತ್ತೆ ಗೆರೆ ಎಳೆಯುತ್ತಿದ್ದಳು. ಅವಳನ್ನು ನೋಡಲು ಬಂದ ಗಂಡುಗಳಲ್ಲಿ ಒಬ್ಬ, ತಮ್ಮನನ್ನು ಎಲ್ಲಾದರೂ ಹಾಸ್ಟೆಲಿಗೆ ಹಾಕಿದರಾಯಿತು ಎಂದ. ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಕಣ್ಣಲ್ಲೇ ಅಳೆದು, ಈ ಅಳತೆ ನಮಗೆ ಹೊಂದಲ್ಲ ಎಂದು ಕಳಿಸಿದಳು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಅಪ್ಪನೂ ಹೋದ ಮೇಲೆ ಅಕ್ಕ ಕತ್ತರಿಸುವುದು, ತಮ್ಮ ಹೊಲಿಯುವುದು ಎಂದಾಯಿತು. ಅವನ ಕೈಯ ಕಾಜಾ ನೋಡಬೇಕು. ಗುಂಡಿ ತೂರುವ ಆ ಸಣ್ಣ ಸೀಳಿನ ಅಂಚಿಗೆ ದಾರ ಹೆಣೆಯುವ ಕೆಲಸ ಯಂತ್ರದಲ್ಲೂ ಆಗುತ್ತದೆ. ಆದರೆ ಅವನು ಸೂಜಿ ಹಿಡಿದು ಕೂತು ಹೆಣೆದ ಕಾಜಾ ಕೋಟು ಹರಿದರೂ ಸಡಿಲವಾಗುತ್ತಿರಲಿಲ್ಲ. ಬೇರೆ ಅಂಗಡಿಯವರೂ ಕೋಟುಗಳನ್ನು ಕಾಜಾಕ್ಕಾಗಿ ಅವನ ಬಳಿಗೇ ಕಳಿಸುತ್ತಿದ್ದರು. ಅವನು ಮಾತು ಕಮ್ಮಿ, ನಗು ಸ್ವಲ್ಪ ಜಾಸ್ತಿ. ಅಕ್ಕ ಒಬ್ಬರಿಗಾಗುವಷ್ಟಲ್ಲ, ಇಬ್ಬರಿಗಾಗುವಷ್ಟು ಮಾತಾಡುತ್ತಿದ್ದಳಾದ್ದರಿಂದ ಅಂಗಡಿಯಲ್ಲಿ ಮಾತಿಗೇನೂ ಬರವಿರಲಿಲ್ಲ.

ಕಾಯಿಲೆ ಯಾವಾಗ ಒಳಗೆ ಬಂತೋ ಅವಳಿಗೆ ತಿಳಿಯಲೇ ಇಲ್ಲ. ಮೀಸೆ ಸರಿಯಾಗಿ ಕಪ್ಪಾದ ವಯಸ್ಸಿನಲ್ಲಿ ಅವನು ಯಂತ್ರ ತುಳಿಯುತ್ತಿದ್ದವನು ತಟಕ್ಕನೆ ನಿಲ್ಲಿಸಿ, ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಳ್ಳತೊಡಗಿದ. ಏನೋ ಎಂದರೆ ಏನಿಲ್ಲ ಎನ್ನುತ್ತಿದ್ದ. ಸ್ನಾನ ತಪ್ಪಿತು, ನಿದ್ದೆ ತಪ್ಪಿತು, ಒಬ್ಬನೇ ನಗುವುದು ಶುರುವಾಯಿತು. ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂದು ಆಗಾಗ ತಟ್ಟೆ ಸರಿಸತೊಡಗಿದ. ಎದುರಿನ ಕ್ಷೌರದಂಗಡಿಯವನು ತನ್ನ ತಲೆಯಲ್ಲಿರುವುದನ್ನೆಲ್ಲ ಗಿರಾಕಿಗಳಿಗೆ ಓದಿ ಹೇಳುತ್ತಿದ್ದಾನೆ ಎಂದ ಒಂದು ದಿನ. ಅಕ್ಕ ನಕ್ಕುಬಿಟ್ಟಳು. ಅವನು ತನ್ನ ಬಾಯಿಗೆ ಬಂದುದನ್ನೇ ಸರಿಯಾಗಿ ಹೇಳಲಾರ, ನಿನ್ನ ತಲೆಯಲ್ಲಿರುವುದನ್ನು ಏನು ಹೇಳುತ್ತಾನೆ ಎಂದು ತಮಾಷೆ ಮಾಡಿದಳು. ತಮ್ಮ ನಗಲಿಲ್ಲ. ಆಗಲಾದರೂ ಅವಳು ನಿಂತು ಅವನ ಮುಖ ನೋಡಬೇಕಿತ್ತು.

ಲಾಯರ ಕರಿಕೋಟು ಬಂದ ಮೇಲೆ ನಗುವುದಕ್ಕೆ ಏನೂ ಉಳಿಯಲಿಲ್ಲ. ಬರೀ ಕಾಜಾ ಹಾಕಲು ಕೊಟ್ಟ ಕೋಟದು. ಬೆಳಿಗ್ಗೆ ಲಾಯರು ಕೋರ್ಟಿಗೆ ಹೊರಟವರು ದಾರಿಯಲ್ಲೇ ಒಯ್ಯೋಣವೆಂದು ಬಂದರೆ, ಕೋಟು ಮೇಜಿನ ಮೇಲೆ ಒಳಪದರವೆಲ್ಲ ಬಿಚ್ಚಿಸಿಕೊಂಡು ಬಿದ್ದಿದೆ, ಪಕ್ಕದಲ್ಲಿ ತಮ್ಮ ಬ್ಲೇಡು ಹಿಡಿದು ನಿಂತಿದ್ದಾನೆ. ಒಳಗೆ ಏನೋ ಇಟ್ಟಿದ್ದಾರೆ, ನಾವಾಡುವುದೆಲ್ಲ ಅವರಿಗೆ ಕೇಳಿಸುತ್ತಿದೆ ಎಂದ, ತೀರ ಸಮಾಧಾನದಿಂದ. ಲಾಯರು ಕೋಟನ್ನು ಅಲ್ಲೇ ಬಿಟ್ಟು ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಟುಹೋದರು. ಆಗ ಅಕ್ಕನಿಗಾದದ್ದು ಕೋಪವಲ್ಲ, ಬರೀ ಹೆದರಿಕೆ.

ಇನ್ನು ಬೀದಿ ಸುಮ್ಮನಿರುತ್ತದೆಯೇ. ಜ್ವರಕ್ಕೆ ಒಂದು ಮಾತ್ರೆಯ ಹೆಸರು ಗೊತ್ತಿಲ್ಲದವರೆಲ್ಲ ತಲೆಯ ಕಾಯಿಲೆಗೆ ಮದ್ದು ಹೇಳಲು ಸಾಲುಗಟ್ಟಿದರು. ಯಾವುದೋ ಹುಡುಗಿ ಕೈಕೊಟ್ಟಿರಬೇಕು ಎಂದರು. ಸೋಮಾರಿತನ, ನಾಲ್ಕು ಬಿಟ್ಟರೆ ಸರಿಹೋಗುತ್ತದೆ ಎಂದರು. ಮದುವೆ ಮಾಡಿ ಎಂದರು, ಅಂದರೆ ಇನ್ನೊಬ್ಬರ ಮಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳಿ ಎಂದು. ಒಬ್ಬಾಕೆ ಮಾತ್ರ ದನಿ ತಗ್ಗಿಸಿ, ಅಮ್ಮನಿಲ್ಲದ ಮಗು, ಸಾಕಿದ್ದು ಸರಿಯಾಗಲಿಲ್ಲವೇನೋ ಎಂದಳು. ಆ ಮಾತು ಅಕ್ಕನಿಗೆ ಸೂಜಿ ಉಗುರುಸಂದಿಗೆ ಹೋದಂತೆ ನಾಟಿತು. ಯಾರಿಗೂ ತಿರುಗಿ ಉತ್ತರ ಕೊಡದೆ ಇದ್ದ ದಿನಗಳು ಅವಳ ಜೀವನದಲ್ಲಿ ಅವು ಮಾತ್ರ.

ದೊಡ್ಡಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅವನನ್ನು ಕರೆದೊಯ್ಯುವಾಗ ಅವಳ ತಲೆಯಲ್ಲಿದ್ದುದು ಸಿನಿಮಾದಲ್ಲಿ ನೋಡಿದ ಸರಪಳಿ, ಕಂಬಿ, ಕಿರುಚಾಟ. ಅಲ್ಲಿದ್ದುದು ಬೆಂಚು ಮತ್ತು ಕಾಯುವ ಜನ. ಪಕ್ಕದಲ್ಲಿ ಕೂತಿದ್ದ ಶಾಲಾ ಮೇಷ್ಟರೊಬ್ಬರು ತಿಂಗಳುಗಟ್ಟಲೆ ಹಾಸಿಗೆಯಿಂದ ಏಳಲಾಗದೆ ಇದ್ದವರಂತೆ, ಈಗ ಮತ್ತೆ ಪಾಠಕ್ಕೆ ಹೋಗುತ್ತಿದ್ದರು. ಇನ್ನೊಬ್ಬ ಬಸ್ ಚಾಲಕ, ಕೈ ತೊಳೆದದ್ದು ಸಾಲದು ಸಾಲದು ಎಂದು ತೊಳೆದು ತೊಳೆದು ಚರ್ಮ ಸುಲಿದುಕೊಂಡವನು. ಎಲ್ಲರೂ ಅವಳ ಅಂಗಡಿಗೆ ಅಳತೆ ಕೊಡಲು ಬರುವ ಜನರ ಹಾಗೇ ಇದ್ದರು. ಅದನ್ನು ಕಂಡು ಅವಳ ಅರ್ಧ ಜೀವ ವಾಪಸು ಬಂತು.

ಡಾಕ್ಟರಮ್ಮ ನಡುವಯಸ್ಸಿನ ಹೆಂಗಸು, ಬಿಳಿಕೋಟಿನ ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ತಮ್ಮನೊಂದಿಗೆ ಬಹಳ ಹೊತ್ತು ಮಾತಾಡಿದರು, ಆಮೇಲೆ ಇಬ್ಬರನ್ನೂ ಕೂರಿಸಿಕೊಂಡರು. ಇದಕ್ಕೆ ಸ್ಕಿಜೋಫ್ರೇನಿಯಾ ಎನ್ನುತ್ತಾರೆ ಎಂದರು. ಹೆಸರು ಕೇಳಿಯೇ ಅಕ್ಕನ ನಾಲಿಗೆ ತೊಡರಿತು. ಒಬ್ಬನೊಳಗೆ ಇಬ್ಬರಿರುವುದು ಎಂದೆಲ್ಲ ಜನ ಹೇಳುವುದು ಬುಡವಿಲ್ಲದ ಮಾತು, ಇದು ಮೆದುಳಿನ ಕಾಯಿಲೆ, ಹರೆಯ ಕಳೆಯುವ ಹೊತ್ತಿಗೆ ಬಹಳ ಜನರಲ್ಲಿ ತಲೆಯೆತ್ತುತ್ತದೆ ಎಂದು ವಿವರಿಸಿದರು. ಅವನಿಗೆ ಕೇಳಿಸುವ ಮಾತುಗಳು ಅವನಿಗೆ ನಿಜವಾಗಿಯೇ ಕೇಳಿಸುತ್ತವೆ, ನಾಟಕವಲ್ಲ. ವಾದ ಮಾಡಿ ಗೆಲ್ಲಲು ಹೋಗಬೇಡಿ, ಹೌದು ಹೌದು ಎಂದು ತಲೆಯನ್ನೂ ಆಡಿಸಬೇಡಿ. ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಹೆದರಿಕೆಯಾಗಿರುವುದು ಕಾಣುತ್ತಿದೆ ಎನ್ನಿ. ಸಾಕಿದ್ದರಲ್ಲಿ ಏನಾದರೂ ತಪ್ಪಾಯಿತೇ ಎಂದು ಅಕ್ಕ ಕೇಳಿದ್ದಕ್ಕೆ, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರು. ಅವಳು ಅಲ್ಲೇ ಅತ್ತುಬಿಟ್ಟಳು.

ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ ಕೆಲಸ ಮಾಡಿತು. ವಾರಗಳು ಕಳೆದಂತೆ ದನಿಗಳು ಪಕ್ಕದ ಕೋಣೆಗೆ ಹೋದ ಹಾಗಾಯಿತು ಎಂದ ತಮ್ಮ. ನಿದ್ದೆ ಬಂತು, ಊಟ ಸೇರಿತು. ಆದರೆ ಕೈ ನಡುಗತೊಡಗಿತು. ಸೂಜಿಗೆ ದಾರ ಪೋಣಿಸಲು ಹೋದರೆ ದಾರ ಒಂದು ಕಡೆ, ಸೂಜಿಯ ಕಣ್ಣು ಇನ್ನೊಂದು ಕಡೆ. ಅವನು ಅದನ್ನು ಒಮ್ಮೆ ಹೇಳಿದ, ಇನ್ನೊಮ್ಮೆ ಹೇಳಿದ, ಮತ್ತೂ ಹೇಳಿದ. ಈ ಮಾತ್ರೆ ನನ್ನ ಕೈ ಕಿತ್ತುಕೊಳ್ಳುತ್ತಿದೆ ಎಂದ. ಅಕ್ಕನಿಗೆ ಇದು ಕ್ಷೌರದಂಗಡಿಯವನ ಮೇಲಿನ ದೂರಿನಂತೆಯೇ ಕೇಳಿಸಿತು. ಎಲ್ಲ ಸರಿಹೋಗುತ್ತದೆ, ಸುಮ್ಮನೆ ನುಂಗು ಎಂದಳು. ಅವನು ಆಡುವ ಮಾತನ್ನೆಲ್ಲ ಕಾಯಿಲೆಯ ಗಂಟಿಗೇ ಕಟ್ಟಿಹಾಕಿದ್ದಳು, ಅದರಲ್ಲಿ ಯಾವುದು ಕಾಯಿಲೆಯ ಮಾತು, ಯಾವುದು ಅವನ ಮಾತು ಎಂದು ಬಿಚ್ಚಿ ನೋಡಲಿಲ್ಲ. ಅವನು ಮಾತ್ರೆಗಳನ್ನು ಕಿಟಕಿಯಾಚೆ ಎಸೆಯಲು ಶುರುಮಾಡಿದ. ತಿಂಗಳು ತುಂಬುವುದರೊಳಗೆ ಪಕ್ಕದ ಕೋಣೆಯಿಂದ ಎಲ್ಲರೂ ಈಚೆಗೆ ಬಂದರು.

ಆಗ ಬಂದಳು ಚಿಕ್ಕಮ್ಮ. ಅಮ್ಮನ ತಂಗಿ, ಮನಸ್ಸು ಕೆಟ್ಟದ್ದಲ್ಲ, ಆದರೆ ಕಂಡ ಕಂಡ ಪಾತ್ರೆಗೆಲ್ಲ ಸೌಟು ಹಾಕುವ ಸ್ವಭಾವ. ಮಕ್ಕಳಿಗೆ ಔಷಧಿ ಹೇಗೆ ಕುಡಿಸುತ್ತೇವೆ, ಹಾಗೆ ಕುಡಿಸು ಎಂದಳು. ಪುಡಿ ಮಾಡು, ಚಹಾಕ್ಕೆ ಹಾಕು, ಸಕ್ಕರೆ ಒಂದು ಚಮಚ ಜಾಸ್ತಿ ಹಾಕು, ಅವನಿಗೇಕೆ ಗೊತ್ತಾಗಬೇಕು. ಅಕ್ಕನಿಗೆ ಮೊದಲು ಕಸಿವಿಸಿಯಾಯಿತು. ಆದರೆ ಅವನು ಹಗಲೆಲ್ಲ ಕಿವಿ ಮುಚ್ಚಿಕೊಂಡು ಕೂರುವುದನ್ನು ನೋಡಲಾರದೆ ಒಪ್ಪಿಕೊಂಡಳು. ಎಲ್ಲಿ ಪುಡಿ ಮಾಡುವುದು ಎಂದು ಯೋಚಿಸಬೇಕಾಗಲಿಲ್ಲ. ಕತ್ತರಿಸುವ ಮೇಜಿನ ಮೇಲೆ, ಸೀಮೆಸುಣ್ಣದ ಪುಡಿಯ ನಡುವೆ, ಕತ್ತರಿಯ ಹಿಡಿಯಿಂದ ಅರೆದರೆ ಯಾರ ಕಣ್ಣಿಗೆ ಬೀಳುತ್ತದೆ. ಬಿಳಿಯೊಳಗೆ ಬಿಳಿ. ತನ್ನ ಜಾಣತನಕ್ಕೆ ತಾನೇ ತಲೆದೂಗಿದಳು.

ತಮ್ಮ ಮತ್ತೆ ಚೇತರಿಸಿಕೊಂಡ. ಯಂತ್ರಕ್ಕೆ ಬಂದು ಕೂತ. ಕೈ ಮತ್ತೆ ನಡುಗಿತು, ಮತ್ತು ಈ ಸಲ ಅದೇಕೆಂದು ಅವನಿಗೆ ತಿಳಿಯಲಿಲ್ಲ. ಮಾತ್ರೆಯಂತೂ ನಾನು ತಿನ್ನುತ್ತಿಲ್ಲ, ಹಾಗಾದರೆ ಕೈಯೇ ಹಾಳಾಯಿತು ಎಂದುಕೊಂಡ. ಅವನು ಊಟಕ್ಕೆ ಹೋದಾಗ ಅಕ್ಕ ಸೊಟ್ಟ ಕಾಜಾಗಳನ್ನು ಬಿಚ್ಚಿ ತಾನೇ ಹಾಕಿಡುತ್ತಿದ್ದಳು. ಅವನು ಬಂದು ನೋಡಿ ಏನೂ ಕೇಳುತ್ತಿರಲಿಲ್ಲ. ತನ್ನದಲ್ಲದ ಹೆಣಿಗೆ ಅವನಿಗೆ ಗೊತ್ತಾಗದೆ ಇರುತ್ತದೆಯೇ. ಅವಳು ಮಾತ್ರ ಎಲ್ಲ ದಾರಿಗೆ ಬಂತು ಎಂದು ಚಿಕ್ಕಮ್ಮನಿಗೆ ಖುಷಿಯಿಂದ ಹೇಳಿ ಕಳಿಸಿದಳು.

ಒಂದು ಮಧ್ಯಾಹ್ನ ಅವನು ಚಹಾ ಕುಡಿದು ಮುಗಿಸಿದವನು ಲೋಟವನ್ನು ಕೆಳಗಿಡಲಿಲ್ಲ. ಬೆಳಕಿಗೆ ಹಿಡಿದು ತಳ ನೋಡಿದ. ತಳದಲ್ಲಿ ಬೆಳ್ಳಗೆ ಏನೋ ಕೂತಿತ್ತು. ಇದೇನು ಎಂದ. ಅವಳು ಬಟ್ಟೆಯಿಂದ ತಲೆ ಎತ್ತದೆಯೇ, ಸೀಮೆಸುಣ್ಣ ಇರಬೇಕು, ನನ್ನ ಕೈಯಿಂದ ಉದುರಿದೆ ಎಂದಳು. ಅವನು ಬೆರಳಿಂದ ಆ ಬಿಳಿಯನ್ನು ತೆಗೆದು ನಾಲಿಗೆಗೆ ಇಟ್ಟುಕೊಂಡ.

"ಸೀಮೆಸುಣ್ಣಕ್ಕೆ ಕಹಿ ಇಲ್ಲ ಅಕ್ಕ," ಎಂದ. "ಚಿಕ್ಕೋನಿದ್ದಾಗ ಎಷ್ಟು ತಿಂದಿದೀನಿ. ನೀನೇ ಬಾಯಿಗೆ ಬೆರಳು ಹಾಕಿ ತೆಗೀತಿದ್ದೆ."

ಲೋಟವನ್ನು ಅವಳ ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿದ. ಮೇಲೆ ಚಿಲಕ ಹಾಕಿದ ಸದ್ದು ಕೇಳಿಸಿತು. ಅವಳು ಕತ್ತರಿ ಹಿಡಿದವಳು ಹಿಡಿದ ಹಾಗೇ ನಿಂತಿದ್ದಳು. ನನ್ನ ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂದು ಅವನು ಕಾಯಿಲೆಯ ಉದ್ದಕ್ಕೂ ಹೇಳುತ್ತಾ ಬಂದಿದ್ದ. ಇಲ್ಲ ಮರಿ, ಅದು ನಿನ್ನ ಭ್ರಮೆ ಎಂದು ಅವಳು ಉದ್ದಕ್ಕೂ ಹೇಳುತ್ತಾ ಬಂದಿದ್ದಳು. ಈಗ ಅವನ ಮಾತು ನಿಜವಾಯಿತು, ಅವಳದು ಸುಳ್ಳಾಯಿತು.

ಅವನು ಆಮೇಲೆ ಅವಳ ಕೈಯದು ಏನನ್ನೂ ಮುಟ್ಟಲಿಲ್ಲ. ಬೀದಿಗೆ ಇಳಿದು ತಾನೇ ಬಾಳೆಹಣ್ಣು, ಮೊಟ್ಟೆ ತಂದುಕೊಳ್ಳುತ್ತಿದ್ದ. ಸಿಪ್ಪೆಯೊಳಗೆ, ಚಿಪ್ಪಿನೊಳಗೆ ಯಾರೂ ಏನೂ ಹಾಕಲಾರರು ಎಂಬುದು ಅವನ ಲೆಕ್ಕ. ತಾನೇ ಬೇಯಿಸಿ ತಾನೇ ಸುಲಿದು ತಿನ್ನುತ್ತಿದ್ದ. ನೀರನ್ನು ಬೀದಿಯ ನಲ್ಲಿಯಿಂದ ಹಿಡಿಯುತ್ತಿದ್ದ. ಕೆನ್ನೆ ಒಳಗೆ ಹೋಯಿತು, ಅಂಗಿ ಭುಜದಿಂದ ಜಾರಿತು. ಅಳತೆ ತೆಗೆಯದೆಯೇ ಅವನು ಎಷ್ಟು ಇಳಿದಿದ್ದಾನೆಂದು ಅವಳಿಗೆ ತಿಳಿಯುತ್ತಿತ್ತು.

ಚಿಕ್ಕಮ್ಮ ಮತ್ತೆ ಬಂದಳು, ಈ ಸಲ ಚಿಕ್ಕಪ್ಪನೊಂದಿಗೆ. ಊರ ಹೊರಗೆ ಇಂಥವರನ್ನು ಇಟ್ಟುಕೊಳ್ಳುವ ಮನೆಯೊಂದಿದೆಯಂತೆ. ಅಲ್ಲಿ ಬಿಟ್ಟುಬಿಟ್ಟರೆ ಮತ್ತೆ ನೋಡಲು ಹೋಗುವುದೂ ಬೇಡವಂತೆ, ಎಲ್ಲ ಅವರೇ ನೋಡಿಕೊಳ್ಳುತ್ತಾರಂತೆ. ಚಿಕ್ಕಪ್ಪ ನಾಲ್ಕು ಜನರನ್ನು ಮಾತಾಡಿಸಿಟ್ಟಿದ್ದ, ಕೈಕಾಲು ಕಟ್ಟಿ ಕರೆದೊಯ್ಯಲು. ನಿನ್ನ ಬದುಕನ್ನೂ ನೋಡಿಕೊಳ್ಳಬೇಕಲ್ಲ ಎಂದರು ಇಬ್ಬರೂ. ವಾರ ಬಿಟ್ಟು ಬರುತ್ತೇವೆ, ಅಷ್ಟರಲ್ಲಿ ಮನಸ್ಸು ಗಟ್ಟಿ ಮಾಡಿಕೋ ಎಂದು ಎದ್ದರು. ಅಕ್ಕ ಅವರನ್ನು ಬಾಗಿಲವರೆಗೆ ಕಳಿಸಿಕೊಟ್ಟು, ಮನಸ್ಸು ಈಗಲೇ ಗಟ್ಟಿಯಾಗಿದೆ ಎಂದಳು. "ಇದು ಅವನ ಮನೆ ಚಿಕ್ಕಮ್ಮ. ಇಲ್ಲಿಂದ ಅವನು ಹೋದರೆ ತನ್ನ ಕಾಲ ಮೇಲೆ ಹೋಗಬೇಕು, ವಾಪಸ್ ಬರೋದು ಗೊತ್ತಿದ್ದು ಹೋಗಬೇಕು. ಹಗ್ಗ ಹಿಡ್ಕೊಂಡು ಯಾರೂ ಈ ಮೆಟ್ಟಿಲು ಹತ್ತೋದು ಬೇಡ." ಚಿಕ್ಕಪ್ಪ ಗೊಣಗಿಕೊಂಡೇ ಹೋದ.

ಮರುದಿನ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಒಬ್ಬಳೇ ಹೋದಳು. ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದಳು, ಕತ್ತರಿಯ ಹಿಡಿಯನ್ನೂ ಸಕ್ಕರೆಯನ್ನೂ ಬಿಡದೆ. ಡಾಕ್ಟರಮ್ಮ ಬೈಯಲಿಲ್ಲ, ಆದರೆ ಅವರ ಮುಖದಲ್ಲಿ ನಗುವೂ ಇರಲಿಲ್ಲ. ಬಹಳ ಮನೆಗಳಲ್ಲಿ ಹೀಗೇ ಮಾಡುತ್ತಾರೆ, ಪ್ರೀತಿಯಿಂದಲೇ ಮಾಡುತ್ತಾರೆ ಎಂದರು. ಆದರೆ ಯಾರನ್ನೂ ನಂಬಬೇಡ ಎಂದು ಕಾಯಿಲೆ ಅವನಿಗೆ ಹೇಳುತ್ತಿತ್ತು, ನೀವು ಅದಕ್ಕೆ ಸಾಕ್ಷಿ ಒದಗಿಸಿದಿರಿ. ಸಾಯುವ ಮಾತು, ಯಾರಿಗಾದರೂ ಏನಾದರೂ ಮಾಡುವ ಮಾತು ಆಡುತ್ತಾನೆಯೇ ಎಂದು ವಿಚಾರಿಸಿದರು. ಇಲ್ಲ ಎಂದಳು. ಆಡಿದರೆ, ಅಥವಾ ತಿನ್ನುವುದನ್ನೇ ಬಿಟ್ಟರೆ ಆ ಗಳಿಗೆಯಲ್ಲೇ ಬನ್ನಿ, ಕೆಲವು ದಿನ ಆಸ್ಪತ್ರೆಯಲ್ಲಿ ಇರುವುದೂ ಚಿಕಿತ್ಸೆಯೇ, ಅದು ಬಿಟ್ಟುಬಿಡುವುದಲ್ಲ ಎಂದರು. ಆಮೇಲೆ ಕೇಳಿದರು:

"ಮೊದಲನೇ ಸಲ ಅವನು ಮಾತ್ರೆ ಯಾಕೆ ಬಿಟ್ಟ?"

"ಕೈ ನಡುಗುತ್ತೆ ಅಂತಿದ್ದ."

"ನನಗ್ಯಾಕೆ ಹೇಳಲಿಲ್ಲ?"

ಕೈ ನಡುಗುವುದು ಆ ಮಾತ್ರೆಯಿಂದ ಆಗುವಂಥದ್ದೇ, ಪ್ರಮಾಣ ಇಳಿಸಬಹುದಿತ್ತು, ಬೇರೆ ಮಾತ್ರೆ ಕೊಡಬಹುದಿತ್ತು ಎಂದರು ಡಾಕ್ಟರಮ್ಮ. ಒಂದು ಮಾತಿನಲ್ಲಿ ಮುಗಿದುಹೋಗಬೇಕಾದದ್ದು. ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಂತಾಯಿತು. ಏಳುವ ಮೊದಲು ಚೀಲದಿಂದ ಸೂಜಿದಾರ ತೆಗೆದು, ಡಾಕ್ಟರಮ್ಮನ ಕೋಟಿನ ಆ ನೇತಾಡುವ ಗುಂಡಿಯನ್ನು ನಿಂತ ಹಾಗೇ ಹೊಲಿದು ಕೊಟ್ಟಳು. ಆ ಆಸೆಯನ್ನು ಮೊದಲ ದಿನದಿಂದ ತಡೆದುಕೊಂಡಿದ್ದಳು.

ಮನೆಗೆ ಬಂದವಳೇ ಮೆಟ್ಟಿಲು ಹತ್ತಿ, ಮುಚ್ಚಿದ ಬಾಗಿಲ ಮುಂದೆ ನೆಲದ ಮೇಲೆ ಕೂತಳು. ನಾಲಿಗೆಗೆ ಹೆಸರಾದವಳಿಗೆ ಮಾತು ಹುಡುಕುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಮರಿ, ಚಹಾದಲ್ಲಿ ಮಾತ್ರೆ ಹಾಕ್ತಿದ್ದೋಳು ನಾನೇ. ನಿನಗೆ ಅನ್ನಿಸಿದ್ದು ಭ್ರಮೆ ಅಲ್ಲ. ನಾನು ಸುಳ್ಳು ಹೇಳಿದೆ."

ಬಾಗಿಲ ಹತ್ತಿರವೇ ದನಿ ಕೇಳಿಸಿತು, ಅವನೂ ಆ ಕಡೆ ನೆಲದ ಮೇಲೆ ಕೂತಿದ್ದನೆಂದು ಕಾಣುತ್ತದೆ.

"ಇನ್ನೇನೇನು ಹಾಕಿದೀಯ?"

"ಆ ಮಾತ್ರೆ ಬಿಟ್ರೆ ಏನೂ ಇಲ್ಲ. ಇನ್ಮೇಲೆ ಅದೂ ಇಲ್ಲ. ನಿನಗೆ ಗೊತ್ತಿಲ್ಲದೆ ಯಾವತ್ತೂ ಇಲ್ಲ."

"ನೀನೂ ಅವರ ಕಡೆಯೋಳು ಅಂತ ಹೇಳ್ತಿದಾರೆ."

ಅವಳ ಬಾಯಿಗೆ ಇಲ್ಲಪ್ಪ ಎಂಬ ಮಾತು ಬಂದಿತ್ತು. ನುಂಗಿಕೊಂಡಳು. ಅವರು ಹೇಳುವುದು ನನಗೆ ಕೇಳಿಸುವುದಿಲ್ಲ, ಆದರೆ ನೀನು ಹಾಗೆಂದು ನಂಬಿದರೆ ಆ ತಪ್ಪು ನನ್ನದೇ ಎಂದಳು.

"ಕೈ ನಡುಗುತ್ತೆ ಅಂತ ಹೇಳಿದ್ದೆ," ಎಂದ ತಮ್ಮ. "ನೀನು ಕೇಳಲೇ ಇಲ್ಲ."

"ಕೇಳಲಿಲ್ಲ," ಎಂದಳು ಅಕ್ಕ. "ಅದು ಮಾತ್ರೆಯಿಂದಾನೇ ಅಂತೆ. ನಿನ್ನ ಕೈ ಹಾಳಾಗಿಲ್ಲ. ಬೇರೆ ಮಾತ್ರೆ ಇದೆಯಂತೆ."

ಬಾಗಿಲು ತೆರೆಯಲಿಲ್ಲ. ತೆರೆಯುತ್ತದೆಂದು ಅವಳೂ ಎಣಿಸಿರಲಿಲ್ಲ. ಆದರೆ ಹಟ ಎಂದರೆ ಹಟ, ಅದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮರುದಿನ ಅಡುಗೆಯ ಒಲೆಯನ್ನು ಎತ್ತಿ ತಂದು ಅವನ ಬಾಗಿಲ ಮುಂದಿನ ಮೆಟ್ಟಿಲ ತುದಿಯಲ್ಲಿ ಇಟ್ಟಳು. ಬೇಳೆಯ ಡಬ್ಬ, ತರಕಾರಿ, ನೀರು ಎಲ್ಲ ಅಲ್ಲಿಗೇ ಬಂತು. ಕಿರಿದಾದ ಜಾಗದಲ್ಲಿ ಮೊಣಕಾಲು ಮಡಚಿ ಕೂತು, ಈಗ ಉಪ್ಪು ಹಾಕುತ್ತಿದ್ದೇನೆ, ಈಗ ನೀರು ಹಾಕುತ್ತಿದ್ದೇನೆ ಎಂದು ಬಾಗಿಲಿಗೆ ಹೇಳಿಕೊಂಡೇ ಅಡುಗೆ ಮಾಡಿದಳು. ಬೀದಿಯವರು ಕೇಳಿ, ತಮ್ಮನ ಜೊತೆ ಅಕ್ಕನಿಗೂ ತಲೆ ಕೆಟ್ಟಿತು ಎಂದರು. ಕೆಟ್ಟರೆ ಆಸ್ಪತ್ರೆಯ ದಾರಿ ನನಗೆ ಗೊತ್ತಿದೆ ಎಂದಳು ಅಕ್ಕ. ಅವಳ ನಾಲಿಗೆ ವಾಪಸು ಬಂದಿತ್ತು.

ಮೂರು ನಾಲ್ಕು ದಿನಕ್ಕೆ ಬಾಗಿಲು ಒಂದು ಕಣ್ಣಗಲ ತೆರೆಯಿತು. ಅವನು ಸಂದಿಯಿಂದ ನೋಡುತ್ತಿದ್ದ. ಅವಳು ತಟ್ಟೆಗೆ ಬಡಿಸಿ, ಅವನೆದುರೇ ಅದರಿಂದ ಒಂದು ತುತ್ತು ತಾನು ತಿಂದು, ತಟ್ಟೆಯನ್ನು ಹೊಸ್ತಿಲಿಗೆ ಸರಿಸಿ ಕೆಳಗಿಳಿದು ಹೋದಳು. ಮೊದಲ ದಿನ ತಟ್ಟೆ ಹಾಗೇ ಇತ್ತು. ಎರಡನೆಯ ದಿನವೂ ಹಾಗೇ ಇತ್ತು. ಆಮೇಲೊಂದು ದಿನ ಅವಳು ಹತ್ತಿ ಬಂದಾಗ ತಟ್ಟೆ ಖಾಲಿಯಾಗಿತ್ತು, ತೊಳೆದೂ ಇಟ್ಟಿದ್ದ. ಅವಳು ಆ ತಟ್ಟೆಯನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಹೇಳಿದ್ದ ವಾರ ಕಳೆದು ಕೆಲವು ದಿನಕ್ಕೆ ಚಿಕ್ಕಪ್ಪ ಬಂದ, ಜೊತೆಗೆ ಯಾರನ್ನೂ ಕರೆತಂದಿರಲಿಲ್ಲ. ಮೆಟ್ಟಿಲ ತುದಿಯಲ್ಲಿ ಒಲೆ, ಒಲೆಯ ಪಕ್ಕ ಅಕ್ಕ, ಬಾಗಿಲ ಸಂದಿಯಲ್ಲಿ ತಮ್ಮನ ಮುಖ, ಇದನ್ನೆಲ್ಲ ಕೆಳಗಿನಿಂದಲೇ ನೋಡಿದ. ಊಟ ಮಾಡುತ್ತಿದ್ದಾನಾ ಎಂದು ಕೇಳಿದ. ಮಾಡುತ್ತಿದ್ದಾನೆ ಎಂದಳು. ಹಾಗಿದ್ದರೆ ಸರಿ ಎಂದು ಹೊರಟ. ಊರ ಹೊರಗಿನ ಆ ಮನೆಯ ಮಾತು ಮತ್ತೆ ಬರಲಿಲ್ಲ.

ಆಸ್ಪತ್ರೆಗೆ ಬರುತ್ತೇನೆ ಎಂದು ತಮ್ಮ ತಾನೇ ಹೇಳಿದ. ತಲೆಗಾಗಿ ಅಲ್ಲ, ಕೈಗಾಗಿ ಎಂದು ಖಡಾಖಂಡಿತವಾಗಿ ಹೇಳಿದ. ಆಗಲಿ ಎಂದಳು. ಡಾಕ್ಟರಮ್ಮ ಅವನಿಗೆ ಕೈ ಚಾಚಲು ಹೇಳಿ, ಬೆರಳು ಬೆರಳನ್ನೂ ನೋಡಿ, ಕೆಲಸವೇನು, ಸೂಜಿ ಹೇಗೆ ಹಿಡಿಯುತ್ತೀರಿ ಎಂದೆಲ್ಲ ಕೇಳಿ, ಆಮೇಲೆ ತಲೆಯ ಮಾತಿಗೆ ಬಂದರು. ಹೊಸ ಮಾತ್ರೆಯಿಂದ ಏನು ಒಳ್ಳೆಯದು, ಏನು ತೊಂದರೆ ಎರಡನ್ನೂ ಅವನಿಗೇ ಹೇಳಿದರು, ಅಕ್ಕನ ಕಡೆ ನೋಡಲೂ ಇಲ್ಲ. ಅಕ್ಕ ಅಂದು ಆ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಳು, ಅದೇನು ಸಣ್ಣ ಕೆಲಸವಾಗಿರಲಿಲ್ಲ.

ಅಲ್ಲಿಂದಾಚೆ ಮನೆಯಲ್ಲಿ ಒಂದು ಕಟ್ಟುಪಾಡು. ಗುಂಡಿಯ ಡಬ್ಬದ ಮುಚ್ಚಳದ ಮೇಲೆ ಮಾತ್ರೆ ಇರುತ್ತದೆ, ಎಲ್ಲರಿಗೂ ಕಾಣುವಂತೆ. ಅದನ್ನು ಇಡುವವನೂ ಅವನೇ, ತೆಗೆದುಕೊಳ್ಳುವವನೂ ಅವನೇ. ಅಕ್ಕ ಮುಟ್ಟುವಂತಿಲ್ಲ. ಚಹಾ ಮಾಡಿದರೆ ಅವನ ಲೋಟದಿಂದ ಮೊದಲ ಗುಟುಕು ಅವಳು ಕುಡಿಯಬೇಕು, ಅವನು ನೋಡುತ್ತಿರಬೇಕು. ಗಿರಾಕಿಗಳ ಎದುರೂ ಅವಳು ಇದನ್ನು ತಪ್ಪಿಸಲಿಲ್ಲ. ತಮ್ಮನ ಎಂಜಲು ಕುಡಿಯುತ್ತಾಳೆ ಎಂದು ನಕ್ಕವರಿಗೆ, ನಿಮ್ಮ ಮನೆಯಲ್ಲಿ ನಿಮ್ಮನ್ನು ಯಾರಾದರೂ ಇಷ್ಟು ನಂಬುತ್ತಾರಾ ನೋಡಿಕೊಳ್ಳಿ ಎಂದಳು.

ದನಿಗಳು ಪೂರ್ತಿ ಹೋಗಲಿಲ್ಲ. ಕೆಲವು ದಿನ ದೂರ, ಕೆಲವು ದಿನ ಹತ್ತಿರ. ಅವನು ಅವಕ್ಕೆ ಬಾಯಿಬಡುಕರು ಎಂದು ಹೆಸರಿಟ್ಟ. ಇವತ್ತು ಬಾಯಿಬಡುಕರು ಜಾಸ್ತಿ, ಸ್ವಲ್ಪ ಮಲಗುತ್ತೇನೆ ಎನ್ನುತ್ತಿದ್ದ. ಹೋಗು ಎನ್ನುತ್ತಿದ್ದಳು. ಮಧ್ಯೆ ಒಂದು ಸಲ ತೀರ ಹದಗೆಟ್ಟು ಎರಡು ವಾರ ಆಸ್ಪತ್ರೆಯಲ್ಲಿದ್ದ. ತನ್ನ ಕಾಲ ಮೇಲೆ ಹೋದ, ತನ್ನ ಕಾಲ ಮೇಲೆ ಬಂದ. ದಿನವೂ ಅವಳು ಹೋಗಿ ಕೂತು ಬಂದಳು. ಕೈ ನಡುಕ ಮಾತ್ರ ನಿಧಾನವಾಗಿ ಇಳಿಯಿತು. ಅವನು ಹಾಕಿದ ಮೊದಲ ಕಾಜಾ ಸೊಟ್ಟಗಿತ್ತು. ಅವಳು ಬಿಚ್ಚಲಿಲ್ಲ. ಅವನೇ ಬಿಚ್ಚಿ ಮತ್ತೆ ಹಾಕಿದ, ಮತ್ತೆ ಬಿಚ್ಚಿದ. ಲಾಯರ ಆ ಹಳೆಯ ಕರಿಕೋಟನ್ನು ಒಳಪದರ ಕೂಡಿಸಿ, ಕಾಜಾ ಹಾಕಿ, ಇಸ್ತ್ರಿ ಮಾಡಿ ಅವರ ಆಫೀಸಿಗೆ ತಾನೇ ಕೊಟ್ಟು ಬಂದ. ಅವರು ಒಂದು ಮಾತೂ ಆಡಲಿಲ್ಲವಂತೆ. ಆದರೆ ಮುಂದಿನ ತಿಂಗಳು ಹೊಸ ಕೋಟಿನ ಬಟ್ಟೆ ತಂದು ಅವನ ಕೈಗೇ ಕೊಟ್ಟರು.

ಆ ಹೊಸ ಕೋಟನ್ನು ಕತ್ತರಿಸುತ್ತಿದ್ದ ದಿನವೇ ಅದು ನಡೆದದ್ದು. ಕರಿಬಟ್ಟೆಯ ಮೇಲೆ ಗೆರೆ ಎಳೆದೂ ಎಳೆದೂ ಅವಳ ಕೈಯೆಲ್ಲ ಬೆಳ್ಳಗಾಗಿತ್ತು. ಚಹಾ ತಂದವಳು ಅವನ ಲೋಟವನ್ನು ಮೇಜಿನ ಮೇಲಿಡುವಾಗ ತೋಳಿನಿಂದ ಸೀಮೆಸುಣ್ಣದ ಪುಡಿ ಉದುರಿ ನೇರ ಲೋಟದೊಳಗೆ ಬಿತ್ತು. ಇಬ್ಬರೂ ನೋಡಿದರು. ಕಂದು ಚಹಾದ ಮೇಲೆ ಬಿಳಿ ತೇಲಿತು. ಇರು, ಚೆಲ್ಲಿ ಬೇರೆ ಮಾಡಿಕೊಂಡು ಬರುತ್ತೇನೆ ಎಂದು ಲೋಟಕ್ಕೆ ಕೈ ಚಾಚಿದಳು.

ಅವನು ಲೋಟದ ಮೇಲೆ ಅಂಗೈ ಮುಚ್ಚಿದ. ತಲೆ ಒಂದು ಕಡೆ ವಾಲಿತು. ಆ ವಾಲುವುದು ಏನೆಂದು ಅವಳಿಗೆ ಗೊತ್ತಿತ್ತು.

"ಏನಂತಿದಾರೆ?" ಎಂದು ಕೇಳಿದಳು.

"ವಿಷ ಅಂತಿದಾರೆ. ನೀನು ಬೇಕಂತಲೇ ಹಾಕಿದೆ ಅಂತಿದಾರೆ."

"ನೀನೇನಂತೀಯ?"

ಅವನು ಅಂಗೈ ತೆಗೆದು, ತೇಲುತ್ತಿದ್ದ ಬಿಳಿಯನ್ನು ಬೆರಳ ತುದಿಗೆ ತೆಗೆದುಕೊಂಡು ನಾಲಿಗೆಗೆ ಇಟ್ಟುಕೊಂಡ. ಮೊದಲ ಗುಟುಕಿಗಾಗಿ ಅವಳು ಕೈ ಮುಂದೆ ಮಾಡಿಯೇ ನಿಂತಿದ್ದಳು.

"ಸೀಮೆಸುಣ್ಣ," ಎಂದ. ಲೋಟವನ್ನು ಅವಳ ಕೈಗೆ ಕೊಡದೆ ತಾನೇ ಎತ್ತಿ, ಬಿಸಿ ಆರುವುದರೊಳಗೆ ತಳದವರೆಗೆ ಕುಡಿದ. ಖಾಲಿ ಲೋಟವನ್ನು ಅವಳ ಮುಂದಿಟ್ಟು, ಸಕ್ಕರೆ ಸ್ವಲ್ಪ ಕಮ್ಮಿಯಾಯಿತು ಎಂದು ಹೇಳಿ, ಕೋಟಿನ ತೋಳನ್ನು ತೊಡೆಯ ಮೇಲೆಳೆದುಕೊಂಡು ಸೂಜಿಗೆ ದಾರ ಪೋಣಿಸಿದ.